ಯುದ್ಧ, ಕರಪತ್ರ, ನೇಣು: 1640ರ ದಶಕದ ಇಂಗ್ಲೆಂಡಿನ ಮಾಟದ ಭಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಮಾಟಗಾತಿ ಬೇಟೆಯ ಮಾತು ಬಂದರೆ ಸಾಕು, ಒಂದಷ್ಟು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲ ದೇಶ, ಎಲ್ಲ ಕಾಲವನ್ನೂ ಒಟ್ಟಿಗೆ ಹಿಡಿದರೆ ಉತ್ತರ ಕಲಸಿಹೋಗುತ್ತದೆ. ಹಾಗಾಗಿ ಇಲ್ಲಿ ಹೆಚ್ಚಾಗಿ ಒಂದೇ ಯುದ್ಧದ ಮಾತು: ಇಂಗ್ಲೆಂಡಿನ ಅಂತರ್ಯುದ್ಧ. ಆ ಕೆಲವೇ ವರ್ಷಗಳಲ್ಲಿ ರಾಜಮನೆತನದ ಒಂದು ನಾಯಿಗೆ ಮಾಟಗಾತಿ ಅಂತ ಹೆಸರು ಬಂತು. ಅದೇ ವರ್ಷಗಳಲ್ಲಿ ಸುಮಾರು ನೂರು ಜನ ಹಳ್ಳಿಯವರು ಮಾಟದ ಆರೋಪದಲ್ಲಿ ನೇಣಿಗೇರಿದರು. ಇವೆರಡೂ ಒಟ್ಟೊಟ್ಟಿಗೆ ಹೇಗೆ ನಡೆದವು ಅನ್ನುವುದನ್ನು ಅರ್ಥ ಮಾಡಿಕೊಳ್ಳಬೇಕು ಅಂತಲೇ ಇದನ್ನು ಬರೆದಿದ್ದೇನೆ.

ಯಾವ ಯುದ್ಧ? ಯಾರ ನಡುವೆ?

ರಾಜ ಒಂದನೇ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವೆ. ತೆರಿಗೆ, ಧರ್ಮ, ಅಧಿಕಾರ, ಮೂರರ ಮೇಲೂ ಜಗಳ. 1642ರ ಆಗಸ್ಟಿನಲ್ಲಿ ರಾಜ ನಾಟಿಂಗಂನಲ್ಲಿ ಯುದ್ಧದ ಬಾವುಟ ಏರಿಸಿದ. ಲಂಡನ್ ಮತ್ತು ಪೂರ್ವದ ಜಿಲ್ಲೆಗಳು ಪಾರ್ಲಿಮೆಂಟಿನ ಕೈಯಲ್ಲಿದ್ದವು. ರಾಜ ಆಕ್ಸ್‌ಫರ್ಡಿನಲ್ಲಿ ಬೀಡುಬಿಟ್ಟ. 1649ರ ಜನವರಿಯಲ್ಲಿ ಅವನ ತಲೆ ಕಡಿದರು. ಕಾದಾಟ ಪೂರ್ತಿ ನಿಂತದ್ದು 1651ರಲ್ಲಿ. ಮಾಟದ ಕಥೆಗೆ ನಮಗೆ ಬೇಕಾದದ್ದು 1642ರಿಂದ 1647ರ ತನಕ.

ಯುದ್ಧಕ್ಕೂ ಮುಂಚೆ ಮಾಟದ ನಂಬಿಕೆ ಇರಲಿಲ್ವಾ?

ಧಾರಾಳವಾಗಿ ಇತ್ತು. 1604ರ ಕಾನೂನಿನ ಪ್ರಕಾರ ಮಾಟ ಮಾಡಿ ಒಬ್ಬರನ್ನು ಕೊಂದರೆ ಮರಣದಂಡನೆ. ದುಷ್ಟಶಕ್ತಿಯ ಜೊತೆ ಒಪ್ಪಂದ ಮಾಡಿಕೊಳ್ಳುವುದು, ಅದನ್ನು ಸಾಕುವುದು ಕೂಡ ಅಪರಾಧ. ಹಳ್ಳಿಯಲ್ಲಿ ಹಸು ಹಾಲು ಕೊಡದಿದ್ದರೆ, ಮಗು ಕಾಯಿಲೆ ಬಿದ್ದರೆ, ಮೊನ್ನೆ ಬೇಡಲು ಬಂದು ಬರಿಗೈಲಿ ಗೊಣಗುತ್ತಾ ಹೋದ ಮುದುಕಿಯ ನೆನಪಾಗುತ್ತಿತ್ತು.

ಆದರೆ ಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ನ್ಯಾಯಾಧೀಶರು ಇಂಥ ಕೇಸುಗಳನ್ನು ಅನುಮಾನದಿಂದಲೇ ನೋಡುತ್ತಿದ್ದರು. 1634ರ ಲ್ಯಾಂಕಾಶೈರ್ ಪ್ರಕರಣ ನೋಡಿ. ಎಡ್ಮಂಡ್ ರಾಬಿನ್ಸನ್ ಅನ್ನುವ ಹುಡುಗ ತಾನು ಮಾಟಗಾತಿಯರ ಔತಣ ಕಂಡೆ, ಬೇಟೆನಾಯಿ ಹೆಂಗಸಾದದ್ದನ್ನು ನೋಡಿದೆ ಅಂದ. ಪಂಚರು ತಪ್ಪಿತಸ್ಥರು ಅಂದುಬಿಟ್ಟರು. ನ್ಯಾಯಾಧೀಶರಿಗೆ ಸಮಾಧಾನವಾಗಲಿಲ್ಲ, ವಿಷಯವನ್ನು ರಾಜನಿಗೆ ಕಳಿಸಿದರು. ಕೆಲವು ಹೆಂಗಸರನ್ನು ಲಂಡನ್ನಿಗೆ ತರಿಸಿ ವೈದ್ಯರಿಂದ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯ ಹೊಣೆ ರಕ್ತಪರಿಚಲನೆ ಕಂಡುಹಿಡಿದ ವಿಲಿಯಂ ಹಾರ್ವಿಯದು. ಕೊನೆಗೆ ಹುಡುಗ ತಾನು ಕಥೆ ಕಟ್ಟಿದ್ದೆ ಅಂತ ಒಪ್ಪಿಕೊಂಡ.

ಅಂದರೆ ನಂಬಿಕೆ ಇತ್ತು, ಅದಕ್ಕೊಂದು ತಡೆಯೂ ಇತ್ತು. ಯುದ್ಧ ಮುರಿದದ್ದು ಆ ತಡೆಯನ್ನು. ಮುಂದಿನ ಉತ್ತರಗಳನ್ನು ಓದುವಾಗ ಇದೊಂದು ನೆನಪಿರಲಿ.

ಇದ್ದಕ್ಕಿದ್ದಂತೆ ಇಷ್ಟೊಂದು ಕರಪತ್ರಗಳು ಎಲ್ಲಿಂದ ಬಂದವು?

ಅಚ್ಚಿನ ಮೇಲಿದ್ದ ಹಿಡಿತ 1641ರಲ್ಲಿ ಕುಸಿಯಿತು. ಸ್ಟಾರ್ ಚೇಂಬರ್ ಅನ್ನುವ ರಾಜನ ನ್ಯಾಯಾಲಯವನ್ನು ಪಾರ್ಲಿಮೆಂಟ್ ರದ್ದು ಮಾಡಿತು, ಅದರ ಜೊತೆಗೆ ಮುದ್ರಕರ ಮೇಲಿದ್ದ ಭಯವೂ ಹೋಯಿತು. ಎಂಟು ಪುಟದ ಅಗ್ಗದ ಹೊತ್ತಗೆಗಳು ಲಂಡನ್ ಬೀದಿಯಲ್ಲಿ ದಿನವೂ ಮಾರಾಟವಾಗತೊಡಗಿದವು. ಜಾರ್ಜ್ ಥಾಮಸನ್ ಅನ್ನುವ ಪುಸ್ತಕ ವ್ಯಾಪಾರಿ 1640ರಿಂದ 1661ರ ತನಕ ಇಂಥವನ್ನು ಕೂಡಿಸಿಟ್ಟ. ಒಟ್ಟು 22,000ಕ್ಕಿಂತ ಜಾಸ್ತಿ. ಎಷ್ಟೋ ಪ್ರತಿಗಳ ಮೇಲೆ ಅದು ಕೈಗೆ ಬಂದ ತಾರೀಖನ್ನೂ ಅವನೇ ಬರೆದಿಟ್ಟಿದ್ದಾನೆ. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವನ ಈ ತಾಳ್ಮೆ ಇಲ್ಲದೇ ಹೋಗಿದ್ದರೆ ಈ ಕಥೆಯಲ್ಲಿ ಅರ್ಧ ನಮಗೆ ಸಿಗುತ್ತಲೇ ಇರಲಿಲ್ಲ.

ಎರಡೂ ಪಕ್ಷಕ್ಕೆ ವಾರದ ಸುದ್ದಿಪತ್ರಿಕೆಗಳಿದ್ದವು. 1643ರ ಜನವರಿಯಲ್ಲಿ ಆಕ್ಸ್‌ಫರ್ಡಿನಿಂದ ರಾಜನ ಕಡೆಯ 'ಮರ್ಕ್ಯೂರಿಯಸ್ ಆಲಿಕಸ್' ಶುರುವಾಯಿತು. ಅದೇ ವರ್ಷ ಅದಕ್ಕೆ ಎದುರಾಗಿ ಲಂಡನ್ನಿನಿಂದ 'ಮರ್ಕ್ಯೂರಿಯಸ್ ಬ್ರಿಟಾನಿಕಸ್' ಬಂತು. ಕದನದ ಸುದ್ದಿಯ ಪಕ್ಕದಲ್ಲೇ ತಲೆಯಿಲ್ಲದ ಮಗು ಹುಟ್ಟಿದ ಸುದ್ದಿ, ಆಕಾಶದಲ್ಲಿ ಕಂಡ ಸೈನ್ಯದ ಸುದ್ದಿ ಇಂಥ ಅಚ್ಚಿನಲ್ಲಿ ಬರುತ್ತಿದ್ದವು. 1642ರ ಅಕ್ಟೋಬರಿನಲ್ಲಿ ಎಜ್‌ಹಿಲ್‌ನಲ್ಲಿ ಕದನವಾಯಿತು. ಮುಂದಿನ ಜನವರಿಯಲ್ಲಿ, ಅಲ್ಲಿ ರಾತ್ರಿ ಹೊತ್ತು ಸತ್ತ ಸೈನಿಕರು ಆಕಾಶದಲ್ಲಿ ಮತ್ತೆ ಕಾದಾಡುತ್ತಾರೆ ಅಂತ ಕರಪತ್ರ ಬಂತು. ವಿಚಾರಿಸಿಕೊಂಡು ಬರಲು ರಾಜ ಅಧಿಕಾರಿಗಳನ್ನೇ ಕಳಿಸಿದನಂತೆ, ಅವರೂ ಕಂಡೆವು ಅಂದರಂತೆ. ಹೀಗೆ ಹೇಳುವುದೂ ಆ ಕರಪತ್ರವೇ.

ರೂಪರ್ಟನ ನಾಯಿಯ ಕಥೆ ಏನು?

ರೂಪರ್ಟ್ ರಾಜನ ಸೋದರಳಿಯ. 1619ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವನು. ಯುದ್ಧ ಶುರುವಾದಾಗ ವಯಸ್ಸು ಇಪ್ಪತ್ತೆರಡು, ಆಗಲೇ ರಾಜನ ಕುದುರೆಸೈನ್ಯದ ಮುಖ್ಯಸ್ಥ. ಜರ್ಮನಿಯಲ್ಲಿ ನಡೆಯುತ್ತಿದ್ದ ಮೂವತ್ತು ವರ್ಷಗಳ ಯುದ್ಧದಲ್ಲಿ (1618-48) ಸೆರೆ ಸಿಕ್ಕಿ ಲಿಂಟ್ಸ್‌ನಲ್ಲಿ ಬಂಧನದಲ್ಲಿದ್ದಾಗ ಅವನಿಗೆ ಒಂದು ಬಿಳಿ ನಾಯಿ ಉಡುಗೊರೆಯಾಗಿ ಬಂತು. ಹೆಸರು ಬಾಯ್. ಪೂಡಲ್ ಜಾತಿಯ ಜೂಲುನಾಯಿ. ಅವನು ಹೋದಲ್ಲೆಲ್ಲ ಅದೂ ಹೋಗುತ್ತಿತ್ತು.

ರೂಪರ್ಟ್ ಮೊದಮೊದಲು ಗೆಲ್ಲುತ್ತಲೇ ಹೋದ. ಹೇಗೆ ಗೆಲ್ಲುತ್ತಾನೆ ಅನ್ನುವುದಕ್ಕೆ ಶತ್ರುಗಳ ಬಾಯಲ್ಲಿ ಒಂದು ಉತ್ತರ ತಯಾರಾಯಿತು: ನಾಯಿಯಿಂದ. 1643ರ ಆರಂಭದಲ್ಲಿ ಈ ನಾಯಿಯ ಬಗ್ಗೆಯೇ ಒಂದು ಕರಪತ್ರ ಅಚ್ಚಾಯಿತು. ಬಾಯ್ ನಿಜವಾಗಿ ನಾಯಿ ಅಲ್ಲ, ಲ್ಯಾಪ್‌ಲ್ಯಾಂಡಿನ ಒಬ್ಬ ಸುಂದರಿ ನಾಯಿಯ ರೂಪ ತಾಳಿದ್ದಾಳೆ ಅಂತ ಅದರ ವಾದ. ಅದಕ್ಕೆ ಆಯುಧ ತಾಗುವುದಿಲ್ಲ, ಭವಿಷ್ಯ ಗೊತ್ತಾಗುತ್ತದೆ, ಯಜಮಾನನ ಕಡೆಗೆ ಬಂದ ಗುಂಡನ್ನು ಹಲ್ಲಿನಲ್ಲೇ ಹಿಡಿಯುತ್ತದೆ ಅನ್ನುವ ಮಾತುಗಳು ಹಬ್ಬಿದವು.

1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಕದನದಲ್ಲಿ ರೂಪರ್ಟ್ ಸೋತ, ಬಾಯ್ ಸತ್ತಿತು. ಪಾರ್ಲಿಮೆಂಟಿನವರು ಅದಕ್ಕೊಂದು ಶೋಕಗೀತೆಯ ಕರಪತ್ರವನ್ನೇ ತಂದರು. ಅದರ ಮುಖಪುಟದ ಮರದಚ್ಚಿನ ಚಿತ್ರದಲ್ಲಿ ಒಬ್ಬ ಸೈನಿಕ ನಾಯಿಗೆ ಗುಂಡು ಹೊಡೆಯುತ್ತಿದ್ದಾನೆ, ಪಕ್ಕದಲ್ಲಿ ಮಾಟಗಾತಿ ಗೋಳಿಡುತ್ತಿದ್ದಾಳೆ. ಆ ಸೈನಿಕನಿಗೂ ಮಂತ್ರವಿದ್ಯೆ ಗೊತ್ತಿತ್ತು ಅಂತೆ. ಅಂದರೆ ಮಾಟದ ನಾಯಿಯನ್ನು ಕೊಲ್ಲಲು ನಮ್ಮ ಕಡೆಯವನಿಗೂ ಸ್ವಲ್ಪ ಮಾಟ ಬರಬೇಕು, ಅಲ್ವಾ!

ಲ್ಯಾಪ್‌ಲ್ಯಾಂಡ್ ಯಾಕೆ?

ಸ್ಕ್ಯಾಂಡಿನೇವಿಯಾದ ಉತ್ತರ ತುದಿಯ ಸಾಮಿ ಜನರು ಗಾಳಿಯನ್ನೇ ಗಂಟು ಕಟ್ಟಿ ಮಾರಬಲ್ಲರು ಅಂತ ಯುರೋಪಿನಲ್ಲಿ ಹಳೆಯ ಮಾತಿತ್ತು. ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ಸೈನ್ಯ ಜರ್ಮನಿಯಲ್ಲಿ ಗೆಲ್ಲುತ್ತಾ ಬಂದಾಗ, ಸಾಮಿ ಮಂತ್ರವಾದಿಗಳ ಸಹಾಯದಿಂದಲೇ ಗೆದ್ದರು ಅಂತ ಎದುರಾಳಿಗಳು ಹಬ್ಬಿಸಿದರು. ಈ ಅಪಪ್ರಚಾರ ಎಷ್ಟು ಕಾಲ ಉಳಿಯಿತು ಅಂದರೆ, ಅದನ್ನು ಅಲ್ಲಗಳೆಯುವುದಕ್ಕೂ ಸೇರಿ ಯೋಹಾನೆಸ್ ಶೆಫರಸ್ ಅನ್ನುವ ವಿದ್ವಾಂಸನಿಂದ ಸ್ವೀಡನ್ನಿನವರು ಒಂದು ಪುಸ್ತಕವನ್ನೇ ಬರೆಸಿದರು. ಅದು ಅಚ್ಚಾದದ್ದು 1673ರಲ್ಲಿ. ಲಂಡನ್ನಿನ ಕರಪತ್ರದವರಿಗೆ ಜರ್ಮನಿಯ ಯುದ್ಧದಿಂದ ಬಂದ ರಾಜಕುಮಾರನಿಗೆ ಅಂಟಿಸಲು ಈ ಸರಕು ಸಿದ್ಧವಾಗಿಯೇ ಸಿಕ್ಕಿತ್ತು.

ಜನ ಇದನ್ನೆಲ್ಲ ನಿಜಕ್ಕೂ ನಂಬಿದ್ರಾ?

ಕೆಲವರು ನಂಬಿದರು, ಕೆಲವರು ನಕ್ಕರು. ಎಷ್ಟೋ ಜನ ಎರಡನ್ನೂ ಮಾಡಿದರು. ನಾಯಿಯ ಆ 1643ರ ಕರಪತ್ರ ಪಾರ್ಲಿಮೆಂಟಿನ ಗೂಢಚಾರನೊಬ್ಬ ಬರೆದಂತೆ ಇದೆ. ಆದರೆ ಅದನ್ನು ಬರೆದದ್ದು ರಾಜನ ಕಡೆಯವರೇ ಇರಬೇಕು, ಶತ್ರುಗಳ ಮೂಢನಂಬಿಕೆಯನ್ನು ಗೇಲಿ ಮಾಡಲು ಬರೆದದ್ದು ಅನ್ನುವುದು ಈಚಿನ ಇತಿಹಾಸಕಾರರ ವಾದ. ಓದಿದರೆ ನನಗೂ ಹಾಗೇ ಅನ್ನಿಸುತ್ತದೆ.

ಇಲ್ಲೇ ಅಪಾಯ ಇರುವುದು. ಗೇಲಿಗೆ ಅಂತ ಬರೆದದ್ದು ಬೀದಿಗೆ ಬಿದ್ದ ಮೇಲೆ ಬರೆದವನ ಮಾತು ಕೇಳುವುದಿಲ್ಲ. ರಾಜನ ಪಾಳೆಯದಲ್ಲಿ ಮಾಟ ನಡೆಯುತ್ತದೆ ಅನ್ನುವ ಮಾತಿಗೆ ಅದೇ ಬಲ ಕೊಟ್ಟಿತು. ನಗುತ್ತಾ ಓದಿದವನಿಗೂ ರೂಪರ್ಟ್ ಮತ್ತು ಮಾಟ ಅನ್ನುವ ಎರಡು ಮಾತು ಜೋಡಿಯಾಗಿ ತಲೆಯಲ್ಲಿ ಕೂತವು.

ರಾಜನ ಕಡೆಯವರು ತಿರುಗಿ ಏನು ಅಂದರು?

ಅವರಿಗೆ ಬೈಬಲ್ಲೇ ಸಿಕ್ಕಿತ್ತು. ಸಮುವೇಲನ ಮೊದಲನೇ ಗ್ರಂಥದ 15ನೇ ಅಧ್ಯಾಯದಲ್ಲಿ ದಂಗೆಯೂ ಮಾಟದಷ್ಟೇ ದೊಡ್ಡ ಪಾಪ ಅನ್ನುವ ಮಾತಿದೆ. ರಾಜನ ಕಡೆಯ ಪಾದ್ರಿಗಳು ಅದನ್ನು ಹಿಡಿದು ಪ್ರವಚನ ಮಾಡಿದರು. ಎರಡು ಕಡೆಯವರಿಗೂ ಸೈತಾನ ಎದುರು ಪಾಳೆಯದಲ್ಲೇ ಕಾಣುತ್ತಿದ್ದ.

ಈ ಮಾತುಗಳಿಂದ ಯುದ್ಧಭೂಮಿಯಲ್ಲಿ ಯಾರಾದರೂ ಸತ್ತರಾ?

1643ರಲ್ಲಿ ಬಂದ ಒಂದು ಕರಪತ್ರ ನ್ಯೂಬರಿಯ ಘಟನೆಯೊಂದನ್ನು ಹೇಳುತ್ತದೆ. ಪಾರ್ಲಿಮೆಂಟಿನ ಸೈನಿಕರು ನದಿ ದಡದಲ್ಲಿ ಕಾಯಿ ಹಣ್ಣು ಕೀಳುತ್ತಿದ್ದಾಗ ಒಬ್ಬ ಹೆಂಗಸು ಹಲಗೆಯ ಮೇಲೆ ನಿಂತು ನೀರು ದಾಟುವುದನ್ನು ಕಂಡರು. ನೀರಿನ ಮೇಲೆ ನಡೆಯುತ್ತಾಳೆ ಅಂತ ಗಾಬರಿಯಾದರು. ಹಿಡಿದು ಗುಂಡು ಹೊಡೆದರೆ ಅವಳು ಗುಂಡನ್ನು ಕೈಯಲ್ಲಿ ಹಿಡಿದು ಅಗಿದಳಂತೆ. ಕೊನೆಗೆ ಹಣೆ ಸೀಳಿ ರಕ್ತ ಬರಿಸಿದರು, ಹಾಗೆ ಮಾಡಿದರೆ ಮಾಟದ ಶಕ್ತಿ ಹೋಗುತ್ತದೆ ಅನ್ನುವುದು ಆಗಿನ ನಂಬಿಕೆ. ಆಮೇಲೆ ಕಿವಿಯ ಹತ್ತಿರ ಪಿಸ್ತೂಲು ಇಟ್ಟು ಕೊಂದರು.

ಗುಂಡು ಅಗಿದ ಕಥೆಯನ್ನು ತೆಗೆದುಬಿಡಿ. ಉಳಿಯುವುದು ಏನು? ನದಿ ದಾಟುತ್ತಿದ್ದ ಒಬ್ಬ ಹೆಂಗಸು, ಅವಳ ಸುತ್ತ ಬಂದೂಕು ಹಿಡಿದ ಗಂಡಸರ ಗುಂಪು. ಕರಪತ್ರದಲ್ಲಿ ಅವಳ ಹೆಸರೂ ಇಲ್ಲ. ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಈ ಎಂಟು ಪುಟಗಳೇ.

1645ರ ಜೂನ್ 14ರಂದು ನೇಸ್‌ಬಿ ಕದನ ಗೆದ್ದ ಮೇಲೆ ಪಾರ್ಲಿಮೆಂಟಿನ ಸೈನಿಕರು ರಾಜನ ಪಾಳೆಯದ ಜೊತೆ ಇದ್ದ ಹೆಂಗಸರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಇನ್ನೂ ಹಲವರ ಮುಖ ಕೊಯ್ದರು. ಅವರನ್ನು ಐರಿಷ್ ಸೂಳೆಯರು ಅಂತ ಲಂಡನ್ನಿನ ಪತ್ರಿಕೆಗಳು ಕರೆದವು. ಬಹುಶಃ ಅವರಲ್ಲಿ ಬಹಳ ಜನ ವೇಲ್ಸ್‌ನವರು, ಸೈನಿಕರ ಹೆಂಡತಿಯರು. ಇಲ್ಲಿ ಮಾಟವೇ ಕಾರಣ ಅಂತ ಹೇಳಲಾಗದು. ಆದರೆ ವರ್ಷಗಟ್ಟಲೆ ಶತ್ರುವಿನ ಹೆಂಗಸರನ್ನು ಮನುಷ್ಯರೇ ಅಲ್ಲ ಅಂತ ಬರೆದದ್ದಕ್ಕೂ ಆ ದಿನಕ್ಕೂ ಸಂಬಂಧವೇ ಇಲ್ಲ ಅಂತಲೂ ಹೇಳಲಾರೆ.

ಮ್ಯಾಥ್ಯೂ ಹಾಪ್ಕಿನ್ಸ್ ಯಾರು? ಸರ್ಕಾರದ ಅಧಿಕಾರಿಯಾ?

ಅಲ್ಲ. ಪೂರ್ವದ ಜಿಲ್ಲೆಗಳಲ್ಲಿ ಊರೂರು ತಿರುಗಿ ಮಾಟಗಾತಿಯರನ್ನು ಹುಡುಕಿದವನು. ಸಫೊಕ್ ಜಿಲ್ಲೆಯ ಗ್ರೇಟ್ ವೆನಂ ಊರಿನ ಪಾದ್ರಿಯ ಮಗ. ಎಸೆಕ್ಸ್ ಜಿಲ್ಲೆಯ ಮ್ಯಾನಿಂಗ್‌ಟ್ರೀಯಲ್ಲಿದ್ದ ಯುವಕ. 'ಮಾಟಗಾತಿ ಶೋಧಕರ ಜನರಲ್' ಅನ್ನುವ ಬಿರುದನ್ನು ಪಾರ್ಲಿಮೆಂಟ್ ಕೊಟ್ಟದ್ದಲ್ಲ. 1647ರ ಅವನದೇ ಪುಸ್ತಿಕೆಯ ಚಿತ್ರದಲ್ಲಿ ಅದು ಅಚ್ಚಾಗಿದೆ. ಟೋಪಿ ಹಾಕಿ ಕೋಲು ಹಿಡಿದು ನಿಂತ ಹಾಪ್ಕಿನ್ಸ್, ಕೆಳಗೆ ಕುರ್ಚಿಯಲ್ಲಿ ಇಬ್ಬರು ಹೆಂಗಸರು, ಸುತ್ತ ಅವರು ಸಾಕಿದ ಮರಿದೆವ್ವಗಳು, ಒಂದೊಂದಕ್ಕೂ ಹೆಸರು. ಎತ್ತಿನ ತಲೆಯ ಬೇಟೆನಾಯಿ ವಿನಿಗರ್ ಟಾಮ್, ಬೆಕ್ಕಿನ ಮರಿ ಹೋಲ್ಟ್, ಕರಿ ಮೊಲ ಸ್ಯಾಕ್ ಅಂಡ್ ಶುಗರ್.

1645ರ ಮಾರ್ಚಿನಲ್ಲಿ ಶುರುವಾದದ್ದು ಹೀಗೆ. ಮ್ಯಾನಿಂಗ್‌ಟ್ರೀಯ ದರ್ಜಿ ಜಾನ್ ರಿವೆಟ್‌ನ ಹೆಂಡತಿಗೆ ಕಾಯಿಲೆ. ಅವನು ಹೋಗಿ ನೋಟ ಹೇಳುವ ಒಬ್ಬಳನ್ನು ಕೇಳಿದ. ಸಂಶಯ ಎಲಿಜಬೆತ್ ಕ್ಲಾರ್ಕ್ ಅನ್ನುವ ಒಂಟಿ ಕಾಲಿನ ಬಡ ಮುದುಕಿಯ ಮೇಲೆ ಬಂತು. ಹಾಪ್ಕಿನ್ಸ್ ಮತ್ತು ಅವನ ಜೊತೆಗಾರ ಜಾನ್ ಸ್ಟರ್ನ್ ಅವಳನ್ನು ಕಾವಲಿಡಲು ಮುಂದೆ ಬಂದರು. ಅವಳ ಬಾಯಿಂದ ಬೇರೆ ಹೆಸರುಗಳು, ಅವರ ಬಾಯಿಂದ ಇನ್ನಷ್ಟು.

ಅವರು ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡರು?

ಇಂಗ್ಲೆಂಡಿನ ಕಾನೂನಿನಲ್ಲಿ ಚಿತ್ರಹಿಂಸೆಗೆ ಅವಕಾಶವಿರಲಿಲ್ಲ. ಅದಕ್ಕೆ ಹಾಪ್ಕಿನ್ಸ್‌ನ ದಾರಿ ಬೇರೆ. ಆರೋಪಿಯನ್ನು ಕೋಣೆಯ ನಡುವೆ ಸ್ಟೂಲಿನ ಮೇಲೆ ಕೂರಿಸುವುದು. ರಾತ್ರಿ ರಾತ್ರಿ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಎಬ್ಬಿಸಿ ನಡೆಸುವುದು, ಕಾಲು ಗುಳ್ಳೆ ಎದ್ದರೂ ನಡೆಸುವುದು. ಅವಳ ಮರಿದೆವ್ವ ರಕ್ತ ಕುಡಿಯಲು ಬಂದೇ ಬರುತ್ತದೆ ಅಂತ ಸುತ್ತಲೂ ಜನ ಕಾಯುತ್ತಾ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಒಂದು ಇಲಿಯೋ ನೊಣವೋ ಒಳಗೆ ಬಂದರೆ ಮುಗಿಯಿತು. ಮೈ ಮೇಲೆ ದೆವ್ವ ರಕ್ತ ಹೀರುವ ಮೊಲೆತೊಟ್ಟು ಇದೆಯಾ ಅಂತ ಹುಡುಕಲು ಊರಿನ ಹೆಂಗಸರನ್ನೇ ಕರೆಸುತ್ತಿದ್ದರು. ಕಟ್ಟಿ ನೀರಿಗೆ ಹಾಕಿ ತೇಲುತ್ತಾರಾ ಅಂತ ನೋಡುವುದೂ ಇತ್ತು.

ಒಪ್ಪಿಕೊಂಡದ್ದರಲ್ಲಿ ಏನಿದೆ ಅಂತ ಓದಿದರೆ ಮನಸ್ಸು ಭಾರವಾಗುತ್ತದೆ. ಸೈತಾನ ಬಂದು ನಿನಗೆ ಇನ್ನು ಮೇಲೆ ಯಾವ ಕೊರತೆಯೂ ಇರುವುದಿಲ್ಲ ಅಂದ ಅಂತ ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಬಡತನ, ಹಸಿವು, ಸತ್ತ ಮಗುವಿನ ದುಃಖ, ನೆರೆಯವರ ಮೇಲಿನ ಸಿಟ್ಟು, ಇವೆಲ್ಲ ನಿದ್ದೆಗೆಟ್ಟ ನಾಲ್ಕನೇ ರಾತ್ರಿಯಲ್ಲಿ ಸೈತಾನನ ಕಥೆಯಾಗಿ ಹೊರಬಂದವು. ರೆಬೆಕಾ ವೆಸ್ಟ್ ಅನ್ನುವ ಹುಡುಗಿ ತಾಯಿ ಆನ್ ವೆಸ್ಟ್ ವಿರುದ್ಧ ಸಾಕ್ಷಿ ಹೇಳಿದಳು. ಮಗಳು ಉಳಿದಳು, ತಾಯಿ ನೇಣಿಗೇರಿದಳು.

ಪಾದ್ರಿಯನ್ನೂ ನೇಣಿಗೇರಿಸಿದರಂತೆ, ನಿಜವಾ?

ನಿಜ. ಬ್ರ್ಯಾಂಡೆಸ್ಟನ್ ಊರಿನ ಪಾದ್ರಿ ಜಾನ್ ಲೋಸ್. ವಯಸ್ಸು ಎಂಬತ್ತರ ಹತ್ತಿರ. ಊರಿನವರ ಜೊತೆ ವರ್ಷಗಳಿಂದ ಜಗಳ, ಕೋರ್ಟು ಕಚೇರಿ. ರಾಜನ ಕಡೆಯವನು ಅನ್ನುವ ಅನುಮಾನ ಬೇರೆ. ನಿದ್ದೆಗೆಡಿಸಿ, ಉಸಿರು ಕಟ್ಟುವ ತನಕ ಕೋಣೆಯಲ್ಲಿ ಓಡಿಸಿ, ಫ್ರ್ಯಾಮ್ಲಿಂಗಂ ಕೋಟೆಯ ಕಂದಕದ ನೀರಿಗೆ ಹಾಕಿದರು. ಮರಿದೆವ್ವ ಕಳಿಸಿ ಒಂದು ಹಡಗು ಮುಳುಗಿಸಿದೆ ಅಂತ ಒಪ್ಪಿಕೊಂಡ. ಅಂಥ ಹಡಗು ಮುಳುಗಿತ್ತಾ ಅಂತ ಯಾರೂ ವಿಚಾರಿಸಿದ ಹಾಗೆ ಕಾಣುವುದಿಲ್ಲ. 1645ರ ಆಗಸ್ಟ್ 27ರಂದು ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಹದಿನೆಂಟು ಜನರನ್ನು ಒಂದೇ ದಿನ ನೇಣಿಗೆ ಹಾಕಿದಾಗ ಅವನೂ ಇದ್ದ. ತನ್ನ ಅಂತ್ಯಕ್ರಿಯೆಯ ಪ್ರಾರ್ಥನೆಯನ್ನು ತಾನೇ ಓದಿಕೊಂಡ.

ಯುದ್ಧ ಇಲ್ಲದಿದ್ದರೆ ಇದು ನಡೆಯುತ್ತಿರಲಿಲ್ವಾ?

ಆರೋಪಗಳು ಬರುತ್ತಿದ್ದವು. ಇಷ್ಟು ಜನ ಸಾಯುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಾಂತಿಕಾಲದಲ್ಲಿ ಲಂಡನ್ನಿನಿಂದ ಅನುಭವಿ ನ್ಯಾಯಾಧೀಶರು ವರ್ಷಕ್ಕೆರಡು ಸಲ ಜಿಲ್ಲೆಗಳಿಗೆ ಬರುತ್ತಿದ್ದರು. ಯುದ್ಧದಲ್ಲಿ ಅದು ಅಸ್ತವ್ಯಸ್ತವಾಯಿತು. 1645ರ ಜುಲೈಯಲ್ಲಿ ಚೆಲ್ಮ್ಸ್‌ಫರ್ಡಿನಲ್ಲಿ ಎಸೆಕ್ಸ್ ಹೆಂಗಸರ ವಿಚಾರಣೆಯಾದಾಗ ಪೀಠದಲ್ಲಿ ಮುಖ್ಯನಾಗಿ ಕೂತದ್ದು ವಾರಿಕ್ ಅರ್ಲ್, ಪಾರ್ಲಿಮೆಂಟಿನ ದೊಡ್ಡ ನಾಯಕ, ಆದರೆ ವೃತ್ತಿಯಿಂದ ನ್ಯಾಯಾಧೀಶನಲ್ಲ. ಸಫೊಕ್‌ಗೆ ವಿಶೇಷ ಆಯೋಗ ಕಳಿಸಿದರು. ಅದು ನೀರಿಗೆ ಹಾಕುವ ಪರೀಕ್ಷೆ ನಿಲ್ಲಿಸಿತು, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು. ರಾಜನ ಸೈನ್ಯ ಹತ್ತಿರ ಬರುತ್ತಿದೆ ಅಂತ ಸುದ್ದಿ ಬಂದು ವಿಚಾರಣೆಯನ್ನು ಅರ್ಧಕ್ಕೆ ಮುಂದೂಡಬೇಕಾಯಿತು. ಜೈಲು ತುಂಬಿ ತುಳುಕುತ್ತಿತ್ತು.

ಇನ್ನೊಂದು ವಿಷಯ. ಈ ಜಿಲ್ಲೆಗಳಲ್ಲಿ ದೊಡ್ಡ ಕದನ ನಡೆಯಲೇ ಇಲ್ಲ. ಗಂಡಸರು, ಹಣ, ಧಾನ್ಯ ಎಲ್ಲ ಯುದ್ಧಕ್ಕೆ ಹೋಗುತ್ತಿತ್ತು, ಶತ್ರು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಂದಿನ ವರ್ಷವಷ್ಟೇ ವಿಲಿಯಂ ಡೌಸಿಂಗ್ ಅನ್ನುವವನು ಪಾರ್ಲಿಮೆಂಟಿನ ಅಪ್ಪಣೆ ಹಿಡಿದು ಸಫೊಕ್‌ನ ನೂರಕ್ಕೂ ಹೆಚ್ಚು ಚರ್ಚುಗಳಲ್ಲಿ ಚಿತ್ರ, ಶಿಲುಬೆಗಳನ್ನು ಒಡೆಸಿದ್ದ. ಸೈತಾನ ನಮ್ಮೊಳಗೇ ಅಡಗಿದ್ದಾನೆ ಅಂತ ಚರ್ಚಿನಲ್ಲೂ ಕೇಳಿ, ಕರಪತ್ರದಲ್ಲೂ ಓದಿದ ಊರಿಗೆ ಹಾಪ್ಕಿನ್ಸ್ ಬಂದು ಬಾಗಿಲು ತಟ್ಟಿದ. ಕರಪತ್ರ ಓದಿ ಒಬ್ಬ ದರ್ಜಿ ಹೆಂಡತಿಯ ಕಾಯಿಲೆಗೆ ಮುದುಕಿಯನ್ನು ದೂರಲಿಲ್ಲ. ಆದರೆ ಆ ದೂರನ್ನು ಕೇಳಿಸಿಕೊಳ್ಳುವವರ ಕಿವಿಯನ್ನು ಕರಪತ್ರಗಳು ಮೊದಲೇ ಹದ ಮಾಡಿದ್ದವು.

ಹಾಪ್ಕಿನ್ಸ್ ದುಡ್ಡಿಗಾಗಿ ಮಾಡಿದನಾ?

ದುಡ್ಡಂತೂ ಬಂತು. ಸ್ಟೋಮಾರ್ಕೆಟ್ ಊರೊಂದೇ 23 ಪೌಂಡ್ ಖರ್ಚು ಮಾಡಿತು. ಆಗಿನ ಕೂಲಿಯವನ ಒಂದು ವರ್ಷದ ದುಡಿಮೆಗಿಂತ ಅದು ಜಾಸ್ತಿ. ಆದರೆ ದುಡ್ಡೊಂದೇ ಕಾರಣ ಅಂತ ಹೇಳಿ ಮುಗಿಸಿದರೆ ಅವನನ್ನು ಕರೆಸಿಕೊಂಡ ಊರುಗಳ ಪಾಲು ಮರೆತಂತೆ. ಅವು ತೆರಿಗೆ ಎತ್ತಿ ಕರೆಸಿದವು.

ಒಟ್ಟು ಎಷ್ಟು ಜನ ಸತ್ತರು? ಹೆಂಗಸರೇ ಯಾಕೆ?

1645ರಿಂದ 1647ರ ನಡುವೆ ಪೂರ್ವ ಜಿಲ್ಲೆಗಳಲ್ಲಿ ಆರೋಪಕ್ಕೆ ಸಿಕ್ಕವರು ಸುಮಾರು 300, ಸತ್ತವರು ಸುಮಾರು 100 ಅನ್ನುವುದು ಇತಿಹಾಸಕಾರರ ಅಂದಾಜು. ಮಾಟದ ಕಾನೂನುಗಳಿದ್ದ ಅಷ್ಟೂ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸತ್ತವರ ಅಂದಾಜು 500. ಐದರಲ್ಲಿ ಒಂದು ಭಾಗ ಎರಡು ಮೂರು ವರ್ಷದಲ್ಲೇ. ಬಹುಪಾಲು ಹೆಂಗಸರು, ಅದರಲ್ಲೂ ವಯಸ್ಸಾದವರು, ವಿಧವೆಯರು, ಬೇಡಿ ತಿನ್ನುವವರು. ಹೆಣ್ಣು ಸೈತಾನನಿಗೆ ಬೇಗ ಸೋಲುತ್ತಾಳೆ ಅನ್ನುವ ಪಾಠ ಚರ್ಚಿನಲ್ಲಿತ್ತು. ಹಾಲು, ಬೆಣ್ಣೆ, ಬಾಣಂತನ, ಮಕ್ಕಳ ಕಾಯಿಲೆ, ಹೀಗೆ ಜಗಳ ಹುಟ್ಟುವ ಜಾಗಗಳೂ ಹೆಂಗಸರ ಕೈಯಲ್ಲೇ ಇದ್ದವು. ದೂರು ಹೇಳಿದವರಲ್ಲೂ ಬಹಳ ಜನ ಹೆಂಗಸರೇ.

ಬೆಂಕಿಗೆ ಹಾಕುತ್ತಿದ್ದರು ಅಂತಾರಲ್ಲ?

ಇಂಗ್ಲೆಂಡಿನಲ್ಲಿ ಮಾಟಕ್ಕೆ ನೇಣು. ಸುಡುತ್ತಿದ್ದದ್ದು ಸ್ಕಾಟ್ಲೆಂಡ್, ಜರ್ಮನಿ ಕಡೆ. ಇಪ್ಸ್‌ವಿಚ್‌ನಲ್ಲಿ 1645ರ ಸೆಪ್ಟೆಂಬರ್ 9ರಂದು ಮೇರಿ ಲೇಕ್‌ಲ್ಯಾಂಡ್‌ಳನ್ನು ಸುಟ್ಟರು, ಆದರೆ ಅದು ಮಾಟದಿಂದ ಗಂಡನನ್ನು ಕೊಂದಳು ಅನ್ನುವ ಆರೋಪಕ್ಕೆ. ಗಂಡನನ್ನು ಕೊಲ್ಲುವುದು ಆಗ ಒಂದು ಬಗೆಯ ರಾಜದ್ರೋಹ.

ಯಾರೂ ಎದುರು ಮಾತಾಡಲಿಲ್ವಾ?

ಆಡಿದರು. 1645ರ ಸೆಪ್ಟೆಂಬರಿನಲ್ಲೇ ಪಾರ್ಲಿಮೆಂಟಿನ ಕಡೆಯದೇ ಆದ ಒಂದು ಸುದ್ದಿಪತ್ರಿಕೆ, ಸೈತಾನನಿಗೆ ಎಡ ಬಲ ಗೊತ್ತಿಲ್ಲದ ಪಾಪದ ಹೆಂಗಸರೇ ಯಾಕೆ ಬೇಕು ಅಂತ ಕೇಳಿತು. ತಮ್ಮ ಪಕ್ಷದ ಜಿಲ್ಲೆಯಲ್ಲಿ, ಯುದ್ಧದ ನಡುವೆ, ಹೀಗೆ ಕೇಳಲು ಧೈರ್ಯ ಬೇಕು. ಗ್ರೇಟ್ ಸ್ಟಾಟನ್ ಊರಿನ ಪಾದ್ರಿ ಜಾನ್ ಗಾಲ್ 1646ರಲ್ಲಿ ಹಾಪ್ಕಿನ್ಸ್‌ನ ವಿಧಾನಗಳ ವಿರುದ್ಧ ಪುಸ್ತಕ ಬರೆದ. ಗಾಲ್ ಮಾಟವನ್ನು ನಂಬುತ್ತಿದ್ದ. ಆದರೂ ಸುಕ್ಕುಮುಖದ ಮುದುಕಿಯರೆಲ್ಲ ಮಾಟಗಾತಿಯರಲ್ಲ ಅಂತ ನೇರವಾಗಿ ಹೇಳಿದ. ನಾರ್ಫೊಕ್‌ನ ನ್ಯಾಯಾಧೀಶರ ಮುಂದೆಯೂ ಪ್ರಶ್ನೆಗಳು ಬಂದವು. ಅವಕ್ಕೆ ಉತ್ತರವಾಗಿಯೇ ಹಾಪ್ಕಿನ್ಸ್ 1647ರ ಪುಸ್ತಿಕೆ ಬರೆದ. ಅದೇ ಆಗಸ್ಟಿನಲ್ಲಿ ಕ್ಷಯದಿಂದ ಸತ್ತ, ಮಿಸ್ಟ್ಲಿಯಲ್ಲಿ ಹೂಳಿದರು. ಅವನನ್ನೇ ನೀರಿಗೆ ಹಾಕಿ ಪರೀಕ್ಷಿಸಿ ಕೊಂದರು ಅನ್ನುವುದು ಆಮೇಲೆ ಹುಟ್ಟಿದ ಕಥೆ.

ಎಲ್ಲ ಕಡೆಯೂ ಯುದ್ಧ ಬಂದರೆ ಮಾಟಗಾತಿ ಬೇಟೆ ಹೆಚ್ಚುತ್ತಿತ್ತಾ?

ಹಾಗೆ ಸೂತ್ರ ಕಟ್ಟಲು ಆಗುವುದಿಲ್ಲ. ಜರ್ಮನಿಯ ಬಾಂಬರ್ಗ್ ಮತ್ತು ವ್ಯೂರ್ಟ್ಸ್‌ಬರ್ಗ್‌ನಲ್ಲಿ 1626ರ ನಂತರ ನೂರಾರು ಜನರನ್ನು ಕೊಂದರು. ಆಗ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು, ನಿಜ. ಆದರೆ 1626ರ ಮೇ ತಿಂಗಳ ಹಿಮ ಬಿದ್ದು ದ್ರಾಕ್ಷಿ, ಬೆಳೆ ಸುಟ್ಟುಹೋದದ್ದೂ ಅಷ್ಟೇ ದೊಡ್ಡ ಕಾರಣ. ಬಾಂಬರ್ಗ್‌ನ ಮೇಯರ್ ಯೋಹಾನೆಸ್ ಯೂನಿಯಸ್ 1628ರಲ್ಲಿ ಸೆರೆಮನೆಯಿಂದ ಮಗಳಿಗೆ ಗುಟ್ಟಾಗಿ ಬರೆದ ಪತ್ರ ಉಳಿದಿದೆ. ಬೆರಳು ಹಿಂಡುವ ಯಂತ್ರದಿಂದ ಕೈ ಹಾಳಾಗಿತ್ತು, ಆ ಕೈಯಿಂದಲೇ ತಾನು ನಿರಪರಾಧಿ ಅಂತ ಬರೆದ. ಅಲ್ಲಿ ಬೇಟೆ ನಿಂತದ್ದಕ್ಕೆ ಒಂದು ಕಾರಣ 1631ರ ಹೊತ್ತಿಗೆ ಸ್ವೀಡನ್ನಿನ ಸೈನ್ಯ ಹತ್ತಿರ ಬಂದದ್ದು. ಅಂದರೆ ಅಲ್ಲಿ ಯುದ್ಧವೇ ಬಂದು ಬೇಟೆ ನಿಲ್ಲಿಸಿತು. ಸೈನ್ಯ ಊರೊಳಗೆ ಬಂದಾಗ ಕೋರ್ಟು ನಡೆಯುವುದಿಲ್ಲ. ಸೈನ್ಯ ದೂರದಲ್ಲಿದ್ದು, ಭಯ ಮಾತ್ರ ಹತ್ತಿರ ಇದ್ದರೆ ನಡೆಯುತ್ತದೆ.

ನಮ್ಮ ಕಡೆಯ ಬಾನಾಮತಿಗೂ ಇದಕ್ಕೂ ಹೋಲಿಕೆ ಇದೆಯಾ?

ನೆರೆಹೊರೆಯ ಸಂಶಯ, ಕಾಯಿಲೆಗೆ ಯಾರನ್ನಾದರೂ ದೂರುವುದು, ಇಷ್ಟರಲ್ಲಿ ಹೋಲಿಕೆ ಇದೆ. ಕಾನೂನಿನಲ್ಲಿ ಪೂರ್ತಿ ಉಲ್ಟಾ. ಆಗಿನ ಇಂಗ್ಲೆಂಡಿನಲ್ಲಿ ಮಾಟ ನಿಜ ಅಂತ ಕಾನೂನೇ ಒಪ್ಪಿ ನೇಣಿಗೆ ಹಾಕುತ್ತಿತ್ತು. ಕರ್ನಾಟಕದ 2017ರ ಕಾಯ್ದೆ ಮಾಟದ ಹೆಸರಿನಲ್ಲಿ ಜನರಿಗೆ ಹಿಂಸೆ ಕೊಡುವುದನ್ನು ಅಪರಾಧ ಮಾಡಿದೆ. ಬ್ರಿಟನ್ ಕೂಡ 1736ರಲ್ಲಿ ಹಳೆಯ ಕಾನೂನು ತೆಗೆದು, ಮಾಟ ಬರುತ್ತದೆ ಅಂತ ನಟಿಸುವುದನ್ನು ಅಪರಾಧ ಮಾಡಿತು.

ಈ ಕರಪತ್ರಗಳನ್ನು ಓದುವಾಗ ಏನು ಗಮನಿಸಬೇಕು?

ಮೊದಲು ತಾರೀಖು ಮತ್ತು ಅಚ್ಚಾದ ಊರು ನೋಡಿ. ಆ ವಾರ ಯಾರು ಸೋತಿದ್ದರು ಅಂತ ನೋಡಿ. ಸೋತ ವಾರಗಳಲ್ಲಿ ಅದ್ಭುತಗಳ ಸುದ್ದಿ ಓದುವಾಗ ಇನ್ನೂ ಎಚ್ಚರ ಇರಲಿ. ಚಿತ್ರವನ್ನು ನಂಬಬೇಡಿ, ಮುದ್ರಕರು ಒಂದೇ ಮರದಚ್ಚನ್ನು ಬೇರೆ ಬೇರೆ ಕಥೆಗೆ ಬಳಸುತ್ತಿದ್ದರು. ಆಮೇಲೆ ಹೆಸರು ಯಾರಿಗಿದೆ, ಯಾರಿಗಿಲ್ಲ ಅಂತ ಹುಡುಕಿ. ರೂಪರ್ಟನಿಗೆ ಹೆಸರಿದೆ, ನಾಯಿಗೂ ಇದೆ. ಮಾಟಗಾರ ಅಂತ ಅಷ್ಟೆಲ್ಲ ಬರೆಸಿಕೊಂಡ ರೂಪರ್ಟ್ ಒಂದು ದಿನವೂ ಆ ಆರೋಪಕ್ಕೆ ಕೋರ್ಟಿನ ಮುಂದೆ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ನೌಕಾಪಡೆಯ ದೊಡ್ಡ ಅಧಿಕಾರಿಯಾಗಿ, 1682ರಲ್ಲಿ ಲಂಡನ್ನಿನ ತನ್ನ ಮನೆಯಲ್ಲಿ ಸತ್ತು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣಾದ.